ಗೆರೆ ಹಾಳೆಯ ಮೇಲಿನ ಬೊಟ್ಟು

ಅಕ್ಕಯ್ಯಮ್ಮನಿಗೆ ಕಾಗದವೆಂದರೆ ಮೊದಲಿನಿಂದಲೂ ಭಯಭಕ್ತಿ. ಕಾಲಿಗೆ ಒಂದು ಚೂರು ಕಾಗದ ತಗುಲಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಜಾಯಮಾನ. ಏಳನೇ ಕ್ಲಾಸಿಗೆ ಓದು ಬಿಟ್ಟವಳು. ಕನ್ನಡ ಓದುತ್ತಾಳೆ, ಇಂಗ್ಲಿಷಿನಲ್ಲಿ ಅಂಕಿಗಳು ಮತ್ತು ತನ್ನ ಹೆಸರು, ಅಷ್ಟೇ. ಕ್ಯಾಸಂಬಳ್ಳಿಯಿಂದ ಒಳಕ್ಕೆ ಎರಡು ಮೈಲಿ ನಡೆದರೆ ಅವಳ ಊರು. ಅಲ್ಲಿಂದ ದಿನಾ ಬಸ್ಸು ಹಿಡಿದು ಕೆಜಿಎಫ್ ಹೊರವಲಯದ ಒಂದು ಧರ್ಮಾಸ್ಪತ್ರೆಗೆ ಇಪ್ಪತ್ತಾರು ವರ್ಷ ಆಯಾ ಕೆಲಸಕ್ಕೆ ಹೋಗಿ ಬಂದಳು. ಎಷ್ಟು ಹೆರಿಗೆ ಕಂಡಳೋ, ಎಷ್ಟು ಹೆಣ ಒರೆಸಿದಳೋ, ಅವಳಿಗೇ ನೆನಪಿಲ್ಲ. ಮಂಡಿನೋವು ಹಿಡಿದು ವಾರ್ಡಿನಲ್ಲಿ ಓಡಾಡುವುದು ಆಗದೆ ಹೋದಾಗ, ಪಾಪ ಹಳಬಳು ಎಂದು ಕೂತು ಮಾಡುವ ಕೆಲಸಕ್ಕೆ ಹಾಕಿದರು. ಆ ಕೆಲಸವೇ ಸ್ಕ್ಯಾನಿಂಗ್ ರೂಮಿನದು.

ಆಸ್ಪತ್ರೆಯವರು ನಲವತ್ತು ವರ್ಷದ ರೋಗಿಗಳ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಲು ಹೊರಟಿದ್ದರು. ಗುತ್ತಿಗೆ ಹಿಡಿದ ಕಂಪನಿಯ ಕಡೆಯಿಂದ ವೇಣುಗೋಪಾಲ್ ಎಂಬ ಮೇಲ್ವಿಚಾರಕ ಬಂದಿದ್ದ. ಯಂತ್ರದ ಮುಂದೆ ಕೂರುವವಳು ರಾಬರ್ಟ್‌ಸನ್‌ಪೇಟೆಯ ನವ್ಯ, ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿದ್ದು ಈ ಕೆಲಸಕ್ಕೆ ಸೇರಿದವಳು. ಅಕ್ಕಯ್ಯಮ್ಮನದು ಎಲ್ಲರಿಗಿಂತ ಮೊದಲ ಕೆಲಸ. ರ‍್ಯಾಕಿನಿಂದ ನಂಬರಿನ ಸಾಲು ಕೆಡದಂತೆ ಫೈಲು ತೆಗೆಯಬೇಕು, ಪಿನ್ನು ಕೀಳಬೇಕು, ಮಡಿಕೆ ಬಿಡಿಸಬೇಕು, ಒಬ್ಬರ ಕಾಗದಕ್ಕೂ ಮುಂದಿನವರ ಕಾಗದಕ್ಕೂ ನಡುವೆ ಒಂದು ಬಾರ್‌ಕೋಡ್ ಹಾಳೆ ಇಡಬೇಕು. ರೂಮಿನಲ್ಲಿ ಎಲ್ಲರೂ ಅದನ್ನು ಗೆರೆ ಹಾಳೆ ಎನ್ನುತ್ತಿದ್ದರು.

ಯಂತ್ರ ಒಂದೇ ಸಮನೆ ಕಾಗದ ನುಂಗುತ್ತದೆ. ಒಬ್ಬರದು ಎಲ್ಲಿ ಮುಗಿಯಿತು, ಇನ್ನೊಬ್ಬರದು ಎಲ್ಲಿ ಶುರುವಾಯಿತು ಎಂದು ಅದಕ್ಕೆ ಗೊತ್ತಾಗುವುದು ಈ ಹಾಳೆಯ ನಡುವಿನ ಕಪ್ಪು ಗೆರೆಗಳಿಂದ ಮಾತ್ರ. ಗೆರೆ ಕಂಡರೆ ಸರಿ, ಅಲ್ಲಿಗೆ ಹಿಂದಿನದನ್ನು ಮುಚ್ಚಿ ಹೊಸ ಫೈಲು ತೆರೆಯುತ್ತದೆ. ಆಮೇಲೆ ನವ್ಯ ಪ್ರತಿ ಫೈಲಿನ ಮೊದಲ ಪುಟ ನೋಡಿ ನಂಬರು, ಹೆಸರು ಟೈಪು ಮಾಡುತ್ತಾಳೆ. ಗೆರೆ ಹಾಳೆಗಳೆಲ್ಲ ಒಂದೇ ಥರ. ಯಂತ್ರದಿಂದ ಆಚೆ ಬಂದದ್ದನ್ನು ಆರಿಸಿಕೊಂಡು ಮತ್ತೆ ಬಳಸುವುದು, ಅಂಚು ಹರಿಯುವವರೆಗೆ. ಸ್ಕ್ಯಾನಾದ ಹಳೆಯ ಕಾಗದವೆಲ್ಲ ತಿಂಗಳಿಗೊಮ್ಮೆ ಲಾರಿ ಹತ್ತಿ ರದ್ದಿಗೆ ಹೋಗುತ್ತಿತ್ತು. ಕಂಪನಿಗೆ ಆಸ್ಪತ್ರೆ ಕೊಡುತ್ತಿದ್ದದ್ದು ಪುಟಕ್ಕಿಷ್ಟು ಎಂದು. ಹಾಗಾಗಿ ಪುಟ ಎಣಿಸುವವರಿದ್ದರು, ಫೈಲು ಎಣಿಸುವವರಿರಲಿಲ್ಲ. ಪುಟಕ್ಕೆ ದುಡ್ಡು ಕೊಡುವ ಕಡೆ ಮನುಷ್ಯರೆಷ್ಟು ಎಂದು ಯಾರು ಕೇಳುತ್ತಾರೆ?

"ಏನೇ ಅದು ನಿನ್ ಕೆಲ್ಸ?" ಎಂದು ಗಂಡ ಮುನಿಸ್ವಾಮಪ್ಪ ಕೇಳಿದಾಗ ಅಕ್ಕಯ್ಯಮ್ಮ, "ಬದು ಆಕೋ ಕೆಲ್ಸ. ಒಬ್ರ ಒಲದ ನೀರು ಇನ್ನೊಬ್ರ ಒಲಕ್ಕೆ ಓಗದಂಗೆ" ಎಂದಿದ್ದಳು. ಅಷ್ಟು ಚೆನ್ನಾಗಿ ವೇಣುಗೋಪಾಲನಿಗೂ ಹೇಳಲು ಬರುತ್ತಿರಲಿಲ್ಲ.

ಹೋದ ವರ್ಷದ ಆಯುಧಪೂಜೆಯ ದಿನ ರೂಮು ಗುಡಿಸಿ, ಯಂತ್ರಕ್ಕೆ ಚೆಂಡು ಹೂವಿನ ಹಾರ ಹಾಕಿದರು. ಅಕ್ಕಯ್ಯಮ್ಮ ಕುಂಕುಮದ ಬಟ್ಟಲು ತಂದಳು. ವೇಣುಗೋಪಾಲ್ ಓಡಿ ಬಂದು ಅಡ್ಡ ನಿಂತ.

"ಅಮ್ಮಾ, ಬೇಡ ಬೇಡ. ಒಳಗೆ ಗಾಜಿದೆ. ಒಂದು ಚಿಟಿಕೆ ಪುಡಿ ಬಿದ್ದರೂ ಪುಟ ಪುಟಕ್ಕೂ ಗೀಟು ಬರುತ್ತೆ. ಹೂವು ಸಾಕು."

"ಬಸ್ಸಿಗಿಡ್ತಾರೆ, ಆಟೋಗಿಡ್ತಾರೆ, ತಕ್ಕಡಿಗಿಡ್ತಾರೆ. ಇದೇನ್ ದೊಡ್ಡ ಮನೆ ಸೊಸೆನಾ?" ಎಂದಳು. ಎಲ್ಲರೂ ನಕ್ಕರು, ವೇಣುಗೋಪಾಲ್ ಕೂಡ. ಆದರೂ ಇಡಲು ಬಿಡಲಿಲ್ಲ.

ಅಕ್ಕಯ್ಯಮ್ಮನಿಗೆ ಮನಸ್ಸಿಗೆ ಹಿಡಿಸಲಿಲ್ಲ. ಪೂಜೆಯ ದಿನ ಬೊಟ್ಟಿಲ್ಲದೆ ಬಿಟ್ಟರೆ ಹೇಗೆ? ತನ್ನ ಆಯುಧ ಯಂತ್ರವಲ್ಲವಲ್ಲ, ಗೆರೆ ಹಾಳೆ ತಾನೇ. ಕಟ್ಟಿನ ಮೇಲಿನ ಹಾಳೆಯೊಂದನ್ನು ತೆಗೆದುಕೊಂಡಳು. ಪುಡಿ ಉದುರಿ ಯಂತ್ರಕ್ಕೆ ತೊಂದರೆಯಾಗಬಾರದೆಂದು ಕುಂಕುಮವನ್ನು ನೀರಿನಲ್ಲಿ ಕಲಸಿ, ಹೆಬ್ಬೆರಳಿನಿಂದ ಗೆರೆಗಳ ನಟ್ಟನಡುವೆ ದುಂಡಗೆ ಒತ್ತಿ ಬೊಟ್ಟಿಟ್ಟಳು. ಫ್ಯಾನಿನ ಕೆಳಗೆ ಒಣಗಿಸಿದಳು. ಮಾರನೆಯ ದಿನ ಅದು ಉಳಿದ ಹಾಳೆಗಳ ಜೊತೆ ಸೇರಿಕೊಂಡಿತು. ದಿನಕ್ಕೆ ಎರಡು ಮೂರು ಸಲ ಕೈಗೆ ಸಿಗುತ್ತಿತ್ತು. ಸಿಕ್ಕಾಗಲೆಲ್ಲ ಕಣ್ಣಿಗೊತ್ತಿಕೊಂಡು ಯಾವುದೋ ಎರಡು ಫೈಲುಗಳ ನಡುವೆ ಇಡುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಅಂಚು ಹರಿಯಿತು. ಕಸದ ಬುಟ್ಟಿಗೆ ಹಾಕಲು ಮನಸ್ಸು ಬಾರದೆ ಮನೆಗೆ ತಂದು ಒಲೆಗೆ ಹಾಕಿದಳು.

ಶಿವರಾತ್ರಿ ಕಳೆದ ವಾರಕ್ಕೆ ಮುನಿರಾಜು ಸತ್ತ.

ಮುನಿರಾಜು ಬಂಗಾರಪೇಟೆಯವನು. ಮೂವತ್ತಾರು ವಯಸ್ಸು, ಹಾಲಿನ ಟೆಂಪೊ ಓಡಿಸುತ್ತಿದ್ದ. ತುಂಬಿದ ಕ್ಯಾನು ಜಾರಿ ಕಾಲಿನ ಮೇಲೆ ಬಿದ್ದು ಗಾಯವಾಯಿತು, ಗಾಯ ಕೀವಾಯಿತು, ಮೈ ಕೆಂಡವಾಯಿತು. ಹೆಂಡತಿ ರೂಪ ಆಟೋದಲ್ಲಿ ಹಾಕಿಕೊಂಡು, ದಾರಿಯಲ್ಲಿ ಎರಡು ಆಸ್ಪತ್ರೆ ದಾಟಿ, ಈ ಧರ್ಮಾಸ್ಪತ್ರೆಗೇ ಕರೆತಂದಳು. ಅದಕ್ಕೆ ಕಾರಣವಿತ್ತು. ಅವನು ಒಂಬತ್ತು ವರ್ಷದವನಿದ್ದಾಗ ಇಲ್ಲಿ ಒಂದು ಇಂಜೆಕ್ಷನ್ನು ಮೈಗೊಗ್ಗದೆ ಉಸಿರು ನಿಂತು ಬದುಕಿದ್ದ. ಅವನ ತಾಯಿ ಅಂಜನಮ್ಮನಿಗೆ ಆ ಔಷಧಿಯ ಹೆಸರು ನಾಲಿಗೆಗೆ ಬರುತ್ತಿರಲಿಲ್ಲ. ಆಗ ಕೊಟ್ಟಿದ್ದ ಹಳದಿ ಕಾರ್ಡು ಮನೆ ಬದಲಾಯಿಸುವಾಗ ಕಳೆದುಹೋಯಿತು. ಉಳಿದದ್ದು ನಂಬರೊಂದೇ. ಸೊಸೆ ಮನೆಗೆ ಬಂದ ತಿಂಗಳಲ್ಲೇ ಅಂಜನಮ್ಮ ಅವಳನ್ನು ಕೂರಿಸಿಕೊಂಡು ನಾಲ್ಕು ಎಂಟು ಒಂದು ಏಳು ಎಂದು ಬಾಯಿಪಾಠ ಮಾಡಿಸಿದ್ದಳು. "ಏನೇ ಆದ್ರೂ ಆ ಆಸ್ಪತ್ರೆಗೇ ಓಗು. ಈ ನಂಬರು ಏಳ್ಬಿಡು. ಫೈಲ್ ಮೇಲೆ ಕೆಂಪಿಂಕಲ್ಲಿ ಬರ‍್ದವ್ರೆ, ನೋಡ್ಕಂತಾರೆ" ಎಂದಿದ್ದಳು. ಅಂಜನಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಸೊಸೆ ಮರೆತಿರಲಿಲ್ಲ.

ರೂಪ ನಂಬರು ಹೇಳಿದಳು. ಕಂಪ್ಯೂಟರಿನಲ್ಲಿ 4817 ಇರಲಿಲ್ಲ. ಹೆಸರು ಹಾಕಿದರೆ ಹನ್ನೆರಡು ಮುನಿರಾಜುಗಳು ಬಂದರು, ಒಬ್ಬನೂ ಇವನಲ್ಲ. ಸರಿಯಾಗಿ ನೆನಪು ಮಾಡಿಕೊಳ್ಳಮ್ಮ ಎಂದರು. ಗಂಡ ಪಕ್ಕದಲ್ಲಿ ಜ್ವರಕ್ಕೆ ನಡುಗುತ್ತಿದ್ದ. ಗಾಬರಿಯಲ್ಲಿ ಅವಳು ನಾಲ್ಕು ಎಂಟು ಏಳು ಒಂದು ಎಂದಳು, ಆಮೇಲೆ ಇನ್ನೊಂದು ಎಂದಳು. ಅವೂ ಅವನವಲ್ಲ. ಡಾಕ್ಟರು ಕೆಟ್ಟವರೇನಲ್ಲ, ಯಾವ ಔಷಧಿ, ಹೇಗಿತ್ತು ಎಂದು ಕೇಳಿದರು, ಅವಳಿಗೆ ಗೊತ್ತಿರಲಿಲ್ಲ, ಮೊದಲು ಒಂದು ತೊಟ್ಟು ಚರ್ಮಕ್ಕೆ ಚುಚ್ಚಿ ಕಾದರು, ಏನೂ ಆಗಲಿಲ್ಲ. ಪೂರಾ ಕೊಟ್ಟ ಮೇಲೆ ಹತ್ತು ನಿಮಿಷವೂ ಆಗಲಿಲ್ಲ, ಉಸಿರು ನಿಂತಿತು. ಆಸ್ಪತ್ರೆಯ ಕಾಗದದಲ್ಲಿ ಕೊನೆಗೆ ಬರೆದದ್ದು ಇಷ್ಟು: ರೋಗಿಯ ಕಡೆಯವರು ಹಳೆಯ ದಾಖಲೆಯ ಸಂಖ್ಯೆಯನ್ನು ತಪ್ಪಾಗಿ ತಿಳಿಸಿದರು.

ಹನ್ನೊಂದರ ಕಾರ್ಯ ಮುಗಿದ ಎರಡನೇ ದಿನ ರೂಪ ಬಸ್ಸು ಹತ್ತಿ ಸ್ಕ್ಯಾನಿಂಗ್ ರೂಮಿನ ಬಾಗಿಲಿಗೆ ಬಂದಳು. ಕೈಯಲ್ಲೊಂದು ಚೀಟಿ.

"ಅಕ್ಕಾ, 4178 ನೋಡ್ತೀರಾ? ಇದಿರ್ಬೋದು ಅನ್ಸುತ್ತೆ."

ನವ್ಯ ನೋಡಿದಳು. ಅದು ಯಾರೋ ಮುದುಕಿಯ ಕಣ್ಣಿನ ಆಪರೇಷನ್ನಿನ ಫೈಲು. ರೂಪ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು ಹೋದಳು. ನಾಲ್ಕು ದಿನ ಬಿಟ್ಟು ಮತ್ತೆ ಬಂದಳು, ಇನ್ನೆರಡು ನಂಬರು ತಂದಳು. ಮತ್ತೆ ಬಂದಳು. ಅವಳಿಗೆ ಪರಿಹಾರ ಬೇಕಿರಲಿಲ್ಲ, ಯಾರ ಮೇಲೂ ದೂರೂ ಇರಲಿಲ್ಲ. ತಾನು ಅವತ್ತು ಯಾವ ಅಂಕಿಯನ್ನು ಎಲ್ಲಿ ಕಲಸಿದೆ ಎಂಬುದೊಂದು ಗೊತ್ತಾಗಬೇಕಿತ್ತು. ಸರಿಯಾದ ನಂಬರು ಹೇಳಿದ್ದರೆ ಗಂಡ ಬದುಕಿರುತ್ತಿದ್ದ, ತಾನು ತಪ್ಪು ಹೇಳಿ ಕೊಂದೆ. ಊಟ ಮಾಡುವಾಗಲೂ ಅವಳ ತಲೆಯಲ್ಲಿ ಇದೇ.

ನಾಲ್ಕನೆಯ ಸಲ, ಒಂದು ಶನಿವಾರ, ಬೆಂಚಿನ ಮೇಲೆ ಕೂತವಳು ಪಿನ್ನು ಕೀಳುತ್ತಿದ್ದ ಅಕ್ಕಯ್ಯಮ್ಮನ ಹತ್ತಿರ ಹೇಳಿದಳು: "ಕೆಂಪಿಂಕಲ್ಲಿ ಬರ‍್ದು ಸುತ್ತ ಚೌಕ ಆಕಿದ್ರಂತೆ ಅಕ್ಕಾ. ಸ್ಕೇಲಿಟ್ಟು ಗೀಟೆಳ್ದಂಗೆ. ನಮ್ಮತ್ತೆ ಏಳ್ತಿದ್ರು."

ಅಕ್ಕಯ್ಯಮ್ಮನ ಕೈ ನಿಂತಿತು. ಸ್ಕೇಲಿಟ್ಟು ಕೆಂಪು ಚೌಕ ಎಳೆಯುತ್ತಿದ್ದವರು ರೆಕಾರ್ಡು ರೂಮಿನ ಹಳೇ ಕೋದಂಡಪ್ಪನವರು, ತೀರಿಕೊಂಡು ಎಷ್ಟೋ ಕಾಲವಾಯಿತು. ಅಂಥ ಫೈಲುಗಳು ಸಾವಿರಕ್ಕೆ ಒಂದು. ದೀಪಾವಳಿಯ ಆಸುಪಾಸಿನಲ್ಲಿ ಒಂದು ಕೈಗೆ ಬಂದಿತ್ತು. ತುಕ್ಕು ಹಿಡಿದ ಪಿನ್ನು ಹೊರಗೆ ಬರದೆ ಇಕ್ಕಳ ಹಾಕಿ ಕಿತ್ತಿದ್ದಳು. ಮಗುವಿನ ಫೈಲು, ಪಾಪ ಏನಾಗಿತ್ತೋ ಎಂದುಕೊಂಡದ್ದೂ ನೆನಪಾಯಿತು. ಫೈಲು ಇತ್ತು. ತನ್ನ ಕೈಯಲ್ಲೇ ಯಂತ್ರಕ್ಕೆ ಹೋಗಿತ್ತು. ಹೋದದ್ದು ಎಲ್ಲಿಗೆ?

ರೂಪ ಹೋದ ಮೇಲೆ ಅವಳು ನವ್ಯಳ ಪಕ್ಕ ಬಂದು ನಿಂತಳು.

"ಮೊದ್ಲು ಆಯಮ್ಮ ಏಳಿದ್ದು 4817 ಅಲ್ವಾ? 4816 ತೆಗಿಯವ್ವ. ಬದು ಒಡದ್ರೆ ನೀರು ಪಕ್ಕದ ಒಲಕ್ಕೆ ತಾನೆ ಓಗೋದು."

4816 ಅಶ್ವತ್ಥಪ್ಪ ಎಂಬವರದು, ಹರ್ನಿಯಾ ಆಪರೇಷನ್ನು. ನವ್ಯ ಪುಟ ತಳ್ಳುತ್ತಾ ಹೋದಳು. ಹದಿನಾಲ್ಕು ಪುಟ ಅವರದೇ. ಹದಿನೈದನೆಯದು ಗೆರೆ ಹಾಳೆ. ಫೈಲಿನ ಒಳಗೆ ಕಾಣಬಾರದ ಹಾಳೆ ಅದು. ಗೆರೆಗಳ ನಟ್ಟನಡುವೆ ದೊಡ್ಡದೊಂದು ಕರಿ ಕಲೆ, ಹೆಬ್ಬೆರಳಿನ ಅಗಲ. ಆ ಯಂತ್ರ ಪುಟಗಳನ್ನು ಕಪ್ಪು ಬಿಳುಪಿನಲ್ಲಷ್ಟೇ ತೆಗೆಯುತ್ತಿತ್ತು. ಅದಕ್ಕೆ ಕೆಂಪೂ ಒಂದೇ, ಕಪ್ಪೂ ಒಂದೇ. ಕುಂಕುಮ ಗೆರೆಗಳನ್ನು ಮುಚ್ಚಿತ್ತು, ಯಂತ್ರ ಗೆರೆ ಗುರುತಿಸದೆ ಹಾಳೆಯನ್ನೂ ಒಂದು ಪುಟವೆಂದು ನುಂಗಿ ಮುಂದೆ ಹೋಗಿತ್ತು. ಹದಿನಾರನೆಯ ಪುಟದಲ್ಲಿ ಮಾಸ್ಟರ್ ಮುನಿರಾಜು, ಒಂಬತ್ತು ವರ್ಷ, ತಾಯಿ ಅಂಜನಮ್ಮ. ಮೂಲೆಯಲ್ಲಿ 4817. ಅದರ ಕೆಳಗೆ ಚೌಕ, ಚೌಕದೊಳಗೆ ಅವನಿಗೆ ಮೊನ್ನೆ ಚುಚ್ಚಿದ್ದ ಅದೇ ಔಷಧಿಯ ಹೆಸರು, ಅಡಿಯಲ್ಲಿ ಎರಡು ಗೀಟು.

ನವ್ಯ ಬಾಯಿಗೆ ಕೈ ಇಟ್ಟುಕೊಂಡಳು.  ತನ್ನ ಬೊಟ್ಟನ್ನು ಅಕ್ಕಯ್ಯಮ್ಮ ಎಲ್ಲಿದ್ದರೂ ಗುರುತಿಸಬಲ್ಲಳು.

ವೇಣುಗೋಪಾಲನನ್ನು ಕರೆದು ತೋರಿಸಿದರು. ಅವನು ಕುರ್ಚಿ ಎಳೆದುಕೊಂಡು ಕೂತು ಪುಟಗಳನ್ನು ಹಿಂದೆ ಮುಂದೆ ತಳ್ಳಿ ನೋಡಿದ. ಆಮೇಲೆ ಬಾಗಿಲು ಹಾಕಿ ಬಂದ.

"ಅಮ್ಮಾ, ಆ ಮನುಷ್ಯ ಏನೂ ತಿರುಗಿ ಬರಲ್ಲ. ನಂಬರ್ ತಪ್ಪು ಹೇಳಿದ್ರು ಅಂತ ಫೈಲ್ ಕ್ಲೋಸ್ ಆಗಿದೆ. ಈಗ ಇದು ಹೊರಗೆ ಬಂದರೆ ಕಂಪನಿಗೆ ಗೇಟ್‌ಪಾಸ್. ನಾವು ಹನ್ನೊಂದು ಜನ ಮನೆಗೆ. ನಿಮ್ಮ ಹೆಸರು ಪೊಲೀಸ್ ಸ್ಟೇಷನ್‌ಗೆ. ನಾನು ನಿಮ್ಮ ಒಳ್ಳೇದಕ್ಕೇ ಹೇಳ್ತಾ ಇದ್ದೀನಿ."

"ಬೇರೆಯವ್ರದ್ದೂ ಇಂಗೇ ಆಗಿರ್ತದಲ್ಲ ಸಾ? ಆ ಆಳೆ ಮೂರು ತಿಂಗ್ಳು ಓಡಾಡೈತೆ."

"ಗುತ್ತಿಗೆ ಮುಂದುವರಿಯಲಿ, ನಿಧಾನಕ್ಕೆ ಹುಡುಕೋಣ."

ಮನೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದ ಗಂಡನಿಗೆ ಹೇಳಿದಳು. ಮುನಿಸ್ವಾಮಪ್ಪ ಹುಲ್ಲಿನ ಕಂತೆ ಕೈಯಲ್ಲೇ ಹಿಡಿದು ಕೇಳಿಸಿಕೊಂಡ. "ನೀನಿಟ್ಟಿದ್ದು ಕುಂಕುಮ ಕಣೇ, ಇಸ ಅಲ್ಲ. ಸುಮ್ಕಿರು. ಯಾವ್ ಮಕ ಇಟ್ಕಂಡು ಓಗ್ತೀಯ ಅವ್ರ ಮನೆಗೆ?" ಎಂದ. ಅವಳಿಗೂ ಅದೇ ಬೇಕಿತ್ತು ಅನ್ನಿ. ಸುಮ್ಮನಿರು ಎಂದು ಯಾರಾದರೂ ಹೇಳಲಿ ಎಂದೇ ಅವಳು ಹೇಳಿಕೊಂಡದ್ದು. ಇದನ್ನು ನಾವು ಮುಚ್ಚಿಡಬೇಕಾಗಿಲ್ಲ; ಅವಳಿಗೆ ಹೆದರಿಕೆಯಾಗಿತ್ತು. ಇಪ್ಪತ್ತಾರು ವರ್ಷ ಮತ್ತೊಬ್ಬರ ಹೇಲು ಉಚ್ಚೆ ಬಾಚಿ ಸಂಪಾದಿಸಿದ್ದ ಒಳ್ಳೆಯ ಹೆಸರೊಂದೇ ಅವಳ ಆಸ್ತಿ. ಅದು ಒಂದೇ ದಿನದಲ್ಲಿ ಮಣ್ಣುಪಾಲಾಗುತ್ತಿತ್ತು.

ಗುರುವಾರ ರೂಪ ಬಂದಳು. ನವ್ಯ ತಲೆ ಎತ್ತದೆ ಚೀಟಿ ತುಂಬ ಇದ್ದ ನಂಬರುಗಳನ್ನು ಟೈಪು ಮಾಡಿ, ಇಲ್ಲ ಎಂದಳು. ಅಕ್ಕಯ್ಯಮ್ಮ ಪಿನ್ನು ಕಿತ್ತಳು.

ಮುಂದಿನ ಸೋಮವಾರ ರೂಪ ಮತ್ತೆ ಬಂದಳು. ಈ ಸಲ ಚೀಟಿಯಲ್ಲ, ಕ್ಯಾಲೆಂಡರಿನ ಒಂದು ಹಾಳೆ. ಅದರ ಬೆನ್ನಿಗೆ ಉದ್ದಕ್ಕೂ ನಂಬರುಗಳು: 4817, 4871, 4178, 4187, 8417, 8471, ಹೀಗೆ. ನಾಲ್ಕು ಅಂಕಿಯನ್ನು ಎಷ್ಟು ಥರ ಹಿಂದು ಮುಂದು ಮಾಡಬಹುದೋ ಅಷ್ಟನ್ನೂ ಬರೆದಿದ್ದಳು, ಇಪ್ಪತ್ತನಾಲ್ಕು. ನೋಡಿಯಾದದ್ದನ್ನು ಒಂದೊಂದಾಗಿ ಹೊಡೆದುಹಾಕಿದ್ದಳು. ಎಲ್ಲಕ್ಕಿಂತ ಮೊದಲು ಹೊಡೆದುಹಾಕಿದ್ದು 4817. ಉಳಿದಿದ್ದ ಐದನ್ನು ನವ್ಯ ನೋಡಿದಳು. ಯಾವುದೂ ಅಲ್ಲ.

"ಮುಗೀತು ಅಕ್ಕಾ. ಇನ್ನು ನಂಬರಿಲ್ಲ" ಎಂದಳು ರೂಪ. "ನಮ್ಮತ್ತೆ ಒಂದೇ ಒಂದು ಕೆಲ್ಸ ಏಳಿದ್ರು ನಂಗೆ. ಅದ್ನೂ ಮರ‍್ತು ಗಂಡನ್ನ ಕೊಂದ್ಕಂಡೆ."

ಅಕ್ಕಯ್ಯಮ್ಮ ಅವತ್ತೂ ಹೇಳಲಿಲ್ಲ. ಎರಡು ದಿನ ಅವಳು ಏನು ತಿಂದಳೋ, ಯಾವ ಬಸ್ಸಿನಲ್ಲಿ ಬಂದಳೋ ಅವಳಿಗೆ ಗೊತ್ತಿಲ್ಲ. ಬುಧವಾರ ಬೆಳಿಗ್ಗೆ ನವ್ಯಳ ಪಕ್ಕ ಹೋಗಿ, ಆ ಎರಡು ಪುಟ ಎರಡೆರಡು ಪ್ರತಿ ತೆಗೆದುಕೊಡು ಎಂದಳು. ನವ್ಯ ವೇಣುಗೋಪಾಲನ ಖಾಲಿ ಕುರ್ಚಿಯ ಕಡೆ ಒಮ್ಮೆ ನೋಡಿ, ಪ್ರಿಂಟು ತೆಗೆದುಕೊಟ್ಟಳು.

ಮೊದಲು ಹೋದದ್ದು ಆಸ್ಪತ್ರೆಯ ದೊಡ್ಡ ಡಾಕ್ಟರ ಹತ್ತಿರ. ಇನ್ನುಳಿದವರು ಸಾಯಬಾರದಲ್ಲ. ಅವರು ಎರಡೂ ಪುಟಗಳನ್ನು ಮತ್ತೆ ಮತ್ತೆ ನೋಡಿದರು.

"ಇಂಥವು ಇನ್ನೆಷ್ಟಿವೆ?"

"ಗೊತ್ತಿಲ್ಲ ಸಾ. ದಿನಕ್ಕೆ ಎರಡು ಮೂರು ಸಲ ಕೈಗೆ ಬತ್ತಿತ್ತು. ಮೂರು ತಿಂಗ್ಳು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹುಡುಕಿಸ್ತೀನಿ. ನೀನು ನಾಳೆಯಿಂದ ಬರಬೇಡ. ಆ ಹೆಂಗಸಿನ ಹತ್ತಿರ ಏನೂ ಮಾತಾಡಬೇಡ, ವಕೀಲರನ್ನು ಕೇಳಿ ನಾವೇ ಕಾಗದ ಬರೀತೀವಿ" ಎಂದರು.

ವಕೀಲರನ್ನು ಕೇಳಿ ಬರೆಯುವ ಕಾಗದ ಯಾವತ್ತು ಬರುತ್ತದೆ, ಬಂದರೆ ಅದರಲ್ಲಿ ಏನಿರುತ್ತದೆ ಎಂದು ತಿಳಿಯದಷ್ಟು ದಡ್ಡಿಯಲ್ಲ ಅಕ್ಕಯ್ಯಮ್ಮ. ಉಳಿದ ಪ್ರತಿಯನ್ನು ಸೆರಗಿನಡಿ ಇಟ್ಟುಕೊಂಡು ಬಂಗಾರಪೇಟೆಯ ಬಸ್ಸು ಹತ್ತಿದಳು. ರೈಲ್ವೆ ಗೇಟಿನಾಚೆ ಹಾಲಿನ ಟೆಂಪೊ ಮುನಿರಾಜು ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು.

ರೂಪ ಒಬ್ಬಳೇ ಇದ್ದಳು, ಅಕ್ಕಿ ಆರಿಸುತ್ತಿದ್ದಳು. ಸ್ಕ್ಯಾನಿಂಗ್ ರೂಮಿನ ಅಕ್ಕ ಮನೆಗೇ ಬಂದದ್ದು ನೋಡಿ ಗಡಿಬಿಡಿಯಿಂದ ಚಾಪೆ ಹಾಸಿದಳು. ಅಕ್ಕಯ್ಯಮ್ಮ ಕೂರುವ ಮೊದಲೇ ಕಾಗದ ಮುಂದಿಟ್ಟಳು.

ರೂಪ ಗಂಡನ ಹೆಸರು ಓದಿದಳು, ಅತ್ತೆಯ ಹೆಸರು ಓದಿದಳು. ಮೂಲೆಯ ಅಂಕಿಗಳ ಮೇಲೆ ಬೆರಳಿಟ್ಟು ಒಂದೊಂದಾಗಿ ಓದಿದಳು.

"ನಾನು ಮೊದ್ಲು ಏಳಿದ್ದೇನಾ?"

"ಮೊದ್ಲು ಏಳಿದ್ದೇ ಸರಿ ಕಣಮ್ಮ. ನಿಮ್ಮತ್ತೆ ಕಲ್ಸಿದ್ದು ಒಂದಂಕಿನೂ ತಪ್ದಂಗೆ ಏಳಿದ್ದೆ. ನೀನು ಏನೂ ಮರೀಲಿಲ್ಲ. ತಪ್ಪಾಗಿದ್ದು ನನ್ ಕೈಯಾಗೆ."

ಗೆರೆ ಹಾಳೆ ಎಂದರೇನು, ಅದರ ಮೇಲೆ ತಾನು ಏನಿಟ್ಟೆ, ಅದರಿಂದ ಮುನಿರಾಜುವಿನ ಫೈಲು ಮತ್ತೊಬ್ಬರ ಫೈಲಿನ ಬಾಲಕ್ಕೆ ಹೇಗೆ ಅಂಟಿಕೊಂಡಿತು ಎಂದು ಎಲ್ಲವನ್ನೂ ಹೇಳಿದಳು. ಒಂದು ಮಾತನ್ನೂ ನುಂಗಲಿಲ್ಲ. ರೂಪ ಕಾಗದವನ್ನು ಎದೆಗೊತ್ತಿಕೊಂಡು ಅತ್ತಳು. ಗಂಡನ ಹೆಣದ ಮುಂದೆಯೂ ಅವಳಿಗೆ ಹೀಗೆ ಬಾಯಿಬಿಟ್ಟು ಅಳಲು ಆಗಿರಲಿಲ್ಲ. ಕೊಂದವಳು ಅಳುವುದು ಹೇಗೆ ಎಂದು ಅದುಮಿಟ್ಟಿದ್ದದ್ದು ಈಗ ಹೊರಗೆ ಬಂತು. ಅಕ್ಕಯ್ಯಮ್ಮ ಕಾದು ಕೂತಳು. ಬೈಯಲಿ, ಹೊಡೆಯಲಿ, ಮುಖಕ್ಕೆ ಉಗಿಯಲಿ, ಎಲ್ಲಕ್ಕೂ ತಯಾರಾಗಿ ಬಂದಿದ್ದಳು.

ರೂಪ ಕಣ್ಣೊರೆಸಿಕೊಂಡಳು. ಕಾಗದವನ್ನು ಮತ್ತೊಮ್ಮೆ ನೋಡಿದಳು.

"ಇದು ಯಾವತ್ತು ಸಿಕ್ತು ನಿಮ್ಗೆ?"

ಇವತ್ತೇ ಎಂದುಬಿಡಬಹುದಿತ್ತು. ಆ ಮಾತು ಅಕ್ಕಯ್ಯಮ್ಮನ ನಾಲಿಗೆಯ ತುದಿಗೆ ಬಂದಿತ್ತು.

"ಅನ್ನೊಂದು ದಿನ ಆಯ್ತು."

ರೂಪ ಬೆರಳು ಮಡಿಸಿ ಎಣಿಸಿದಳು.

"ಅಂದ್ರೆ ಸೋಮವಾರ ನಾನು ಬಂದಾಗ ಗೊತ್ತಿತ್ತು."

"ಗೊತ್ತಿತ್ತು."

"ಕುಂಕುಮ ಇಟ್ರಿ. ಅದಕ್ಕೆ ನಾನೇನಂತೀನಿ ಅಕ್ಕಾ, ಯಾರಾದ್ರೂ ಇಡ್ತಾರೆ" ಎಂದಳು ರೂಪ. ದನಿ ಎತ್ತರವಾಗಲಿಲ್ಲ. "ಸೋಮವಾರ ನಿಮ್ಮೆದ್ರಿಗೆ ಕೂತ್ಕಂಡು, ನನ್ ಗಂಡನ್ನ ನಾನೇ ಕೊಂದೆ ಅಂದೆ. ನೀವು ನನ್ ಬೆನ್ನು ಸವರಿದ್ರಿ. ಕುಡಿಯೋಕೆ ನೀರು ಕೊಟ್ರಿ. ಬಸ್ಸಿಗೆ ಒತ್ತಾಯ್ತು ಓಗಮ್ಮ ಅಂದ್ರಿ."

 ರೂಪ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. ಹೋಗಿ ಎಂದು ಹೇಳಲಿಲ್ಲ. ಅಕ್ಕಯ್ಯಮ್ಮ ಹೊಸಿಲು ದಾಟಿ ಚಪ್ಪಲಿ ಮೆಟ್ಟಿಕೊಳ್ಳುವವರೆಗೂ ಹಾಗೇ ನಿಂತಿದ್ದು, ಆಮೇಲೆ ಬಾಗಿಲು ಹಾಕಿಕೊಂಡಳು.